ಫರಸಿ ಹಿಟ್ಟು ಮತ್ತು ಕಪ್ಪೆಯ ತತ್ತಿ

ಮಿನಾಜಳ ಕೈಗೆ ಸಿಕ್ಕ ಪಾತ್ರೆ ಹೊಳೆಯದೆ ಹೊರಬಂದದ್ದಿಲ್ಲ. ಕರಜಗಿಯ ಗಂಡನ ಮನೆಯಲ್ಲಿ ಈ ಮಾತನ್ನು ಮೆಚ್ಚಿಕೊಂಡೂ ಹೇಳುತ್ತಾರೆ, ಗೊಣಗಿಕೊಂಡೂ ಹೇಳುತ್ತಾರೆ. ಚಹಾದ ಲೋಟ ಕೆಳಗಿಟ್ಟು ಇನ್ನೊಂದು ಗುಟುಕಿಗೆ ಕೈಚಾಚುವಷ್ಟರಲ್ಲಿ ಲೋಟ ಬಚ್ಚಲು ಸೇರಿರುತ್ತದೆ ಎಂದು ಗಂಡ ಅಜರುದ್ದೀನ ಬಂದವರ ಮುಂದೆಲ್ಲ ನಗುತ್ತಾನೆ. ಅವನು ಕಬ್ಬು ಬೆಳೆಯುವವನು, ಸಾವಕಾಶದ ಮನುಷ್ಯ. ಹೆಂಡತಿಯದು ಒಂದೆಡೆ ಕಾಲು ನಿಲ್ಲದ ಬದುಕು. ವಾರದಲ್ಲಿ ಅರ್ಧ ಅಫಜಲಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ, ಇನ್ನರ್ಧ ಆಳಂದದ ದಾರಿಯಲ್ಲಿರುವ ಸಣ್ಣದೊಂದು ಸಂಶೋಧನಾ ಕೇಂದ್ರದಲ್ಲಿ ಕಪ್ಪೆಯ ತತ್ತಿಗಳ ಜೊತೆ. ಊರಲ್ಲಿ ಆಕೆಗೆ ಕಪ್ಪೆ ಟೀಚರ್ ಎಂದೇ ಹೆಸರು ಬಿದ್ದಿದೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ಯಾರಾದರೂ ಹಾಗೆ ಕೂಗಿದರೆ ತಿರುಗಿ ನೋಡುತ್ತಾಳೆ.

ತಿಕ್ಕುವ ಈ ಚಟ ಅಂಟಿದ್ದು ಜೇವರ್ಗಿಯ ತವರಿನಲ್ಲಿ. ತಾಯಿ ಅಮೀರುನ್ನಿಸಾ ಮದುವೆ ಮುಂಜಿಗೆ ಭಾಂಡೆ ಬಾಡಿಗೆಗೆ ಕೊಡುವವಳು. ಮಗುವೊಂದು ಒಳಗಿಳಿದು ಅವಿತುಕೊಳ್ಳಬಹುದಾದಷ್ಟು ದೊಡ್ಡ ದೇಗುಗಳು, ಅಗಲ ತಟ್ಟೆಯಂಥ ಪರಾತಗಳು, ಉದ್ದನೆಯ ಹಿಡಿಯ ಸೌಟುಗಳು. ಹಿಂದೂಗಳ ಕಾರ್ಯಕ್ಕೆ ಹೋಗುವ ಪಾತ್ರೆಗಳು ಬೇರೆ ಕೋಣೆಯಲ್ಲಿ. ಅವಕ್ಕೆ ಮಾಂಸ ಮುಟ್ಟಿಸುವಂತಿಲ್ಲ, ಆ ಕೋಣೆಯ ಬೀಗದ ಕೈ ಅಮೀರುನ್ನಿಸಾಳ ಸೊಂಟ ಬಿಟ್ಟು ಇಳಿಯುವಂತಿಲ್ಲ. ಲಿಂಗಾಯತರ ಮನೆಯ ಸಜ್ಜಕವೂ ಮುಸಲ್ಮಾನರ ಮನೆಯ ಬಿರಿಯಾನಿಯೂ ಇದೇ ಅಂಗಳದ ಪಾತ್ರೆಯಲ್ಲಿ ಬೆಂದು ಯಾರಿಗೂ ಸಂಶಯ ಬಾರದೆ ಇದ್ದದ್ದು ಆಕೆಯ ತಿಕ್ಕುವ ಕೈಯ ಮೇಲಿನ ನಂಬಿಕೆಯಿಂದ. ಒಂದು ಸಲ ಮಾತ್ರ ಮದುವೆಮನೆಯವರೊಬ್ಬರು ದೇಗಿನಲ್ಲಿ ಹಿಂದಿನ ಊಟದ ವಾಸನೆ ಇದೆ ಎಂದು ಬಾಗಿಲಿಂದಲೇ ವಾಪಸು ಕಳಿಸಿದ್ದರು. ಅಂದು ಅಮೀರುನ್ನಿಸಾ ಊಟ ಮಾಡಲಿಲ್ಲ. ಅಂದಿನಿಂದ ಸಾಬೂನನ್ನು ಅಂಗಳಕ್ಕೆ ಬಿಟ್ಟುಕೊಳ್ಳಲೂ ಇಲ್ಲ, ಏಕೆಂದರೆ ವಾಸನೆ ಸಾಬೂನಿನದೇ ಎಂದು ಆಕೆಗೆ ಖಾತ್ರಿಯಾಗಿತ್ತು.

ಸಾಬೂನಿನ ಬದಲಿಗೆ ಬಂದದ್ದು ಫರಸಿ ಹಿಟ್ಟು. ಆ ಕಡೆ ನೆಲ ಅಗೆದರೆ ಸಿಗುವುದೇ ಪದರು ಪದರಾದ ಬೂದು ಬಣ್ಣದ ಸುಣ್ಣದಕಲ್ಲು. ಮನೆಗಳಿಗೆ ನೆಲಹಾಸಾಗಿ ಹಾಕುವ ಆ ಫರಸಿಯನ್ನು ಉಜ್ಜಿ ನುಣುಪು ಮಾಡುವ ಶೆಡ್ಡಿನಲ್ಲಿ ತಂದೆ ಮೆಹಬೂಬನ ಕೆಲಸ. ಉಜ್ಜುವಾಗ ನೀರಿನ ಜೊತೆ ಹರಿದುಬೀಳುವ ಕೆಸರು ಒಣಗಿದರೆ ಮೈದಾಕ್ಕಿಂತ ನುಣ್ಣನೆಯ ಹಿಟ್ಟು. ಅದನ್ನು ಅವನು ಚೀಲದಲ್ಲಿ ತುಂಬಿ ತರುತ್ತಿದ್ದ. ಮಿನಾಜ ನಡೆಯಲು ಕಲಿತದ್ದು ದೇಗಿನ ಅಂಚು ಹಿಡಿದು, ಓದಲು ಕೂತದ್ದು ಮೊಳಕೈವರೆಗೆ ಹಿಟ್ಟು ಮೆತ್ತಿದ ಕೈಯಲ್ಲಿ. ತಿಕ್ಕಿದ ದೇಗಿನಲ್ಲಿ ಮುಖ ಕಾಣಬೇಕು, ಕಣ್ಣಿನ ರೆಪ್ಪೆ ಎಣಿಸುವಂತಿರಬೇಕು. ಅಲ್ಲಿಯವರೆಗೆ ತಾಯಿ ಏಳಗೊಡುತ್ತಿರಲಿಲ್ಲ.

ಇನ್ನು ಆಕೆ ಹಿಡಿದ ವಿದ್ಯೆಯ ಮಾತು. ನಮ್ಮ ಒಂದೊಂದು ಕೋಶದಲ್ಲೂ ಮನುಷ್ಯನಿಗಿಂತ ಉದ್ದದ ಡಿಎನ್‌ಎ ಎಳೆ ತುರುಕಿಕೊಂಡಿದೆ. ಕೋಶ ಒಡೆದು ಎರಡಾಗುವ ಹೊತ್ತಿಗೆ ಆ ಎಳೆ ಎಲ್ಲೂ ಸಿಕ್ಕುಬೀಳದೆ, ಎಲ್ಲೂ ಹರಿಯದೆ ಗಿಡ್ಡ ಗಟ್ಟಿ ಕಡ್ಡಿಗಳಾಗಿ ಕಟ್ಟಿಕೊಳ್ಳಬೇಕು. ಆ ಕಡ್ಡಿಗಳೇ ಕ್ರೋಮೋಸೋಮು. ತಾನಾಗಿ ಕಟ್ಟಿಕೊಳ್ಳುವ ಬುದ್ಧಿ ಎಳೆಗಿಲ್ಲ, ಕಟ್ಟುವವು ಪ್ರೋಟೀನುಗಳು. ಹಿಸ್ಟೋನ್ ಎಂಬವು ಎಳೆಯನ್ನು ಉಂಡೆಯುಂಡೆಯಾಗಿ ಸುತ್ತುತ್ತವೆ. ಕಾಂಡೆನ್ಸಿನ್ ಎಂಬುದು ಉಂಗುರದಂತಿದ್ದು, ಎಳೆಯನ್ನು ತನ್ನೊಳಗಿಂದ ಎಳೆದು ಮಡಿಕೆ ಮೇಲೆ ಮಡಿಕೆ ಹಾಕುತ್ತದೆ. ಅಫಜಲಪುರದ ತರಗತಿಯಲ್ಲಿ ಮಿನಾಜ ಇದನ್ನು ಸೀರೆಯ ನಿರಿಗೆ ಹಿಡಿದು ಹೇಳಿಕೊಡುತ್ತಾಳೆ. ಅಷ್ಟುದ್ದ ಸೀರೆ ಒಂದು ಗೇಣಿಗೆ ಇಳಿಯುವುದು ಬೆರಳಿನ ಚಳಕದಿಂದ, ಆ ಬೆರಳೇ ಕಾಂಡೆನ್ಸಿನ್ ಎನ್ನುತ್ತಾಳೆ. ಹುಡುಗಿಯರಿಗೆ ತಟ್ಟನೆ ತಿಳಿಯುತ್ತದೆ. ಹುಡುಗರಿಗೆ ಪರೀಕ್ಷೆಯ ಹಿಂದಿನ ದಿನ ತಿಳಿಯುತ್ತದೆ.

ಈ ಕಟ್ಟುವ ಕೆಲಸವನ್ನು ಕಣ್ಣಾರೆ ನೋಡಲು ಕಪ್ಪೆಯ ತತ್ತಿಗಿಂತ ಒಳ್ಳೆಯದಿಲ್ಲ. ಮುಂದೆ ಸಾವಿರಾರು ಕೋಶಗಳಾಗಿ ಒಡೆಯಬೇಕಾದ ತತ್ತಿ, ಅವಕ್ಕೆಲ್ಲ ಬೇಕಾಗುವ ಪ್ರೋಟೀನುಗಳನ್ನು ಮೊದಲೇ ಹೊಟ್ಟೆಯಲ್ಲಿ ಕೂಡಿಟ್ಟುಕೊಂಡಿರುತ್ತದೆ. ಆಫ್ರಿಕಾದ ಉಗುರುಗಪ್ಪೆಯ ತತ್ತಿಗಳನ್ನು ತೊಳೆದು, ಸೆಂಟ್ರಿಫ್ಯೂಜಿನಲ್ಲಿ ರಭಸವಾಗಿ ತಿರುಗಿಸಿದರೆ ಅವು ತಮ್ಮ ಭಾರಕ್ಕೇ ಒಡೆಯುತ್ತವೆ. ತಳದಲ್ಲಿ ತತ್ತಿಯ ಹಳದಿ ಭಂಡಾರ, ಮೇಲೆ ಕೊಬ್ಬು, ನಡುವೆ ಜೇನುಬಣ್ಣದ ರಸ. ಆ ರಸದಲ್ಲಿ ಕಪ್ಪೆಯದೇ ವೀರ್ಯದ ಕಣಗಳನ್ನು ಬಿಟ್ಟರೆ, ಗಾಜಿನ ನಳಿಗೆಯಲ್ಲಿ, ತತ್ತಿಯೇ ಇಲ್ಲದೆ, ಕ್ರೋಮೋಸೋಮುಗಳು ಕಟ್ಟಿಕೊಂಡು ಎದ್ದುನಿಲ್ಲುತ್ತವೆ. ರಸದಿಂದ ಒಂದು ಪ್ರೋಟೀನನ್ನು ಹೆಕ್ಕಿ ತೆಗೆದರೆ ಅದಿಲ್ಲದೆ ಏನು ಕೆಡುತ್ತದೆ ಎಂದು ನೋಡಬಹುದು. ಮಿನಾಜ ಹೆಕ್ಕಿ ತೆಗೆಯಬೇಕೆಂದದ್ದು ಕಾಂಡೆನ್ಸಿನ್ನನ್ನು, ಅದೂ ಸ್ವಲ್ಪ ಸ್ವಲ್ಪವೇ, ಎಷ್ಟು ಕಡಿಮೆಯಾದರೆ ಕಟ್ಟು ಸಡಿಲುತ್ತದೆ ಎಂದು ತಿಳಿಯಲು.

ಆದರೆ ಅದಕ್ಕೆ ಮೊದಲು ಏನನ್ನೂ ತೆಗೆಯದ ರಸದಲ್ಲಿ ಕ್ರೋಮೋಸೋಮು ನೆಟ್ಟಗೆ ನಿಲ್ಲಬೇಕಲ್ಲ. ಅದೇ ನಿಲ್ಲುತ್ತಿರಲಿಲ್ಲ.

ಕಪ್ಪೆಗಳು ಹೈದರಾಬಾದಿನಿಂದ ಬಂದ ಹೊಸದರಲ್ಲಿ ಒಂದೇ ಒಂದು ಸಲ ಕ್ರೋಮೋಸೋಮುಗಳು ನಿಂತಿದ್ದವು. ಸೂಕ್ಷ್ಮದರ್ಶಕದ ಕೆಳಗೆ ನೀಲಿ ಕಡ್ಡಿಗಳ ಗೊಂಚಲು ಕಂಡು ಮಿನಾಜ ಅಳುವುದೋ ನಗುವುದೋ ತಿಳಿಯದೆ ಕೂತಿದ್ದಳು. ಆಮೇಲೆ ಎಷ್ಟು ಸಲ ಮಾಡಿದರೂ ಬರೀ ಉಬ್ಬಿದ ನೀಲಿ ಗುಂಡುಗಳು. ಇದರ ಅರ್ಥ ಗೊತ್ತಿಲ್ಲದ ವಿಷಯವೇನಲ್ಲ. ಕಪ್ಪೆಯ ತತ್ತಿ ಗಂಡಿಗಾಗಿ ಕಾಯುತ್ತಾ, ಉಸಿರು ಬಿಗಿಹಿಡಿದು ನಿಂತಿರುತ್ತದೆ. ಗಂಡಿನ ಕಣ ತಾಗಿದೊಡನೆ ಒಳಗೆ ಕ್ಯಾಲ್ಸಿಯಂ ಏರಿ ತತ್ತಿಗೆ ಎಚ್ಚರವಾಗುತ್ತದೆ, ಕಟ್ಟಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ನಳಿಗೆಗೆ ಬಿಡುವ ಕಣಗಳ ಪೊರೆಯನ್ನು ಮೊದಲೇ ಸುಲಿದಿರುತ್ತಾರೆ, ಅವು ಹೀಗೆ ಎಬ್ಬಿಸಲಾರವು. ಅಂದರೆ ಎಲ್ಲಿಂದಲೋ ಒಂದಿಷ್ಟು ಕ್ಯಾಲ್ಸಿಯಂ ನುಸುಳಿ ರಸವನ್ನು ಸುಳ್ಳೇ ಎಬ್ಬಿಸುತ್ತಿದೆ. ತೊಳೆಯುವ ಉಪ್ಪುನೀರಿಗೆ ಕ್ಯಾಲ್ಸಿಯಂ ಹಿಡಿದಿಡುವ ಔಷಧ ಹಾಕಿದ್ದರೂ ಅದು ಸಾಲುತ್ತಿಲ್ಲ.

ಎಲ್ಲರ ಬೆರಳೂ ನೀರಿನ ಕಡೆಗೇ ತಿರುಗಿತು. ಆಳಂದದ ಬೋರಿನ ಗಡಸು ನೀರಿನಲ್ಲಿ ಬೇಳೆಯೇ ಬೇಯುವುದಿಲ್ಲ, ಇನ್ನು ಕಪ್ಪೆಯ ವಿಜ್ಞಾನ ಬೇಯುತ್ತದೆಯೇ ಎಂದು ಕೇಂದ್ರದಲ್ಲಿ ನಗೆ. ಮಿನಾಜ ಸೋಸುವ ಯಂತ್ರದ ನೀರು ಬಿಟ್ಟು ಕಲಬುರಗಿಯಿಂದ ಬಟ್ಟಿ ಇಳಿಸಿದ ನೀರನ್ನು ಕ್ಯಾನುಗಳಲ್ಲಿ ಬಸ್ಸಿಗೆ ಹೇರಿಕೊಂಡು ಬಂದಳು. ಗುಂಡುಗಳು ಉಬ್ಬಿಯೇ ಇದ್ದವು. ಬಿಸಿಲಿನ ತಪ್ಪಿರಬೇಕೆಂದು ಕೋಣೆ ತಂಪು ಮಾಡಿದರು. ಉಪ್ಪು ಬದಲಿಸಿದರು. ಗುಂಡುಗಳಿಗೆ ಯಾವುದೂ ನಾಟಲಿಲ್ಲ.

ಕೊನೆಗೆ ಆಕೆಯ ಮಾರ್ಗದರ್ಶಕಿ ನಾಗರತ್ನಾ ಮೇಡಂ ಕರೆದು ಕೂರಿಸಿದರು. ಒಳ್ಳೆಯ ಹೆಂಗಸು, ಜಿಡಗಾದ ಕಡೆಯವರು, ಸಿಟ್ಟು ಬಂದಾಗ ದನಿ ಇನ್ನೂ ಮೆತ್ತಗಾಗುವ ಜಾತಿ. ಕೇಂದ್ರಕ್ಕೆ ಹಣ ಕೊಡುವ ಸಮಿತಿಯವರು ಬರುವವರಿದ್ದಾರೆ, ಕಪ್ಪೆಗಳನ್ನು ಸುಮ್ಮನೆ ಸಾಕುವುದು ಸಾಕು, ಹೈದರಾಬಾದಿಗೇ ತಿರುಗಿ ಕಳಿಸಿ ಎನ್ನುವವರೇ ಅವರಲ್ಲಿ ಹೆಚ್ಚು ಎಂದು ತಿಳಿಸಿದರು. ಕಪ್ಪೆ ಹೋದರೆ ಮಿನಾಜಳ ಪಿಎಚ್‌ಡಿ ಹೋದಂತೆ. ಬೇರೆ ವಿಷಯ ಹಿಡಿದು ಮೊದಲಿನಿಂದ ಶುರು ಮಾಡುವಷ್ಟು ಅವಧಿ ಉಳಿದಿಲ್ಲ. ಪಿಎಚ್‌ಡಿ ಇಲ್ಲದೆ ಅತಿಥಿಯಾಗಿ ಹೋದವಳು ಅತಿಥಿಯಾಗಿಯೇ ಮುದುಕಿಯಾಗಬೇಕು. ತತ್ತಿ ಇಟ್ಟ ಕಪ್ಪೆಗೆ ತಿಂಗಳುಗಟ್ಟಲೆ ವಿಶ್ರಾಂತಿ ಬೇಕು. ವಿಶ್ರಾಂತಿ ಮುಗಿದು ಸಿದ್ಧವಾಗಿದ್ದದ್ದು ಒಂದೇ ಹೆಣ್ಣುಗಪ್ಪೆ. ಸಮಿತಿ ಬರುವ ಮುನ್ನ ಉಳಿದ ಅವಕಾಶವೂ ಅದೊಂದೇ.

“ಇದೊಂದು ಸಲ ನೋಡೋಣ ಮಿನಾಜ. ಆಗಲಿಲ್ಲ ಅಂದ್ರ ನಮ್ಮ ನೀರು ಇದಕ್ಕ ಆಗಿಬರಲ್ಲ ಅಂತ ನಾನೇ ಬರದು ಕೊಡ್ತೇನಿ,” ಎಂದರು ಮೇಡಂ.

ಮಿನಾಜಳಿಗೆ ಆ ಮಾತು ಕುಟುಕಿತು. ನೀರು ಆಗಿಬರುವುದಿಲ್ಲವೆಂದರೆ ಏನರ್ಥ? ಈ ನೀರು ಕುಡಿದೇ ತಾನು ಬೆಳೆದದ್ದು. ಹೊರಡುವ ಮುನ್ನ ತತ್ತಿಯ ಬಟ್ಟಲುಗಳನ್ನೆಲ್ಲ ಇಳಿಸಿ, ಸಿಟ್ಟು ತೀರುವಷ್ಟು ತಿಕ್ಕಿಟ್ಟಳು.

ತಿಕ್ಕಿದ್ದು ಯಾವುದರಿಂದ ಎಂದು ಯಾರೂ ಕೇಳಿರಲಿಲ್ಲ. ಮೇಡಂ ಮೊದಲ ದಿನವೇ ಹೇಳಿದ್ದರು, ತತ್ತಿಯ ಗಾಜಿಗೆ ಸಾಬೂನು ಸೋಕಬಾರದು, ಸಾಬೂನಿನ ಒಂದು ಕಣ ಉಳಿದರೂ ರಸ ಸತ್ತುಹೋಗುತ್ತದೆ, ಬರೀ ನೀರಿನಲ್ಲಿ ಜಾಲಾಡಿಸಿದರೆ ಸಾಕು ಎಂದು. ಬರೀ ನೀರಿನಲ್ಲಿ ಜಾಲಾಡಿಸಿದ್ದನ್ನು ತೊಳೆದದ್ದು ಎಂದು ಅಮೀರುನ್ನಿಸಾಳ ಮಗಳು ಹೇಗೆ ಒಪ್ಪಿಯಾಳು? ಸಾಬೂನು ಬೇಡವೆಂದರೆ ಸರಿ, ಸಾಬೂನಿಲ್ಲದೆ ತೊಳೆಯುವುದು ತಮ್ಮ ಮನೆತನಕ್ಕೇ ಗೊತ್ತಿರುವಷ್ಟು ಯಾರಿಗೆ ಗೊತ್ತು. ಮಾರನೆಯ ವಾರವೇ ತವರಿನಿಂದ ಒಂದು ಡಬ್ಬಿ ಹಿಟ್ಟು ಬಂದು ಬಚ್ಚಲ ಕಿಟಕಿಯಲ್ಲಿ ಕೂತಿತ್ತು. ಕಪ್ಪೆಗಳನ್ನು ನೋಡಿಕೊಳ್ಳುವ ಗುರುಲಿಂಗ, ಇಷ್ಟು ಹೊಳೆಯುವ ಗಾಜು ಕಲಬುರಗಿಯ ದವಾಖಾನೆಯಲ್ಲೂ ಕಂಡಿಲ್ಲ ಎಂದು ಹೊಗಳಿದ್ದ. ಹೊಗಳಿಕೆಯ ಹಿಂದೆ ಅವನಿಗೊಂದು ಹೆದರಿಕೆಯೂ ಇತ್ತೆಂಬುದು ಆಮೇಲೆ ತಿಳಿಯಿತು.

ಆ ಭಾನುವಾರ ಮಿನಾಜ ಜೇವರ್ಗಿಗೆ ಹೋದಳು. ಅಂಗಳದಲ್ಲಿ ಮದುವೆಯಿಂದ ಬಂದ ಪಾತ್ರೆಗಳ ರಾಶಿ. ತಾಯಿ ಮಗಳು ಎದುರುಬದುರು ಕೂತು ತಿಕ್ಕಿದರು. ಅವರ ಮಾತು ಅರ್ಧ ದಖನಿ ಉರ್ದು, ಅರ್ಧ ಕನ್ನಡ. ಯಾವುದು ಮೊದಲು ಬಾಯಿಗೆ ಬರುತ್ತದೋ ಅದು. ಕಪ್ಪೆ ಹೋಗುತ್ತವಂತೆ ಎಂದು ಮಗಳು ಹೇಳಿದಾಗ ತಾಯಿ ಕೈ ನಿಲ್ಲಿಸಲಿಲ್ಲ, ನೀನು ಬಿಟ್ಟರೆ ತಾನೆ ಹೋಗುವುದು ಎಂದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಆಗತಾನೆ ತೊಳೆದಿಟ್ಟ ಹಿತ್ತಾಳೆಯ ಪರಾತದಲ್ಲೇ ಮೆಹಬೂಬ ಉಳ್ಳಾಗಡ್ಡಿ ಹೆಚ್ಚಿ ಹಾಕಿದ. ಮಿನಾಜ ನಿಂಬೆಹಣ್ಣು ಹಿಂಡಿದಳು. ಒಂದಿಷ್ಟು ರಸ ಉಳ್ಳಾಗಡ್ಡಿಗೆ ಬೀಳದೆ ಪರಾತದ ಅಂಚಿಗೆ ಬಿತ್ತು. ಬಿದ್ದಲ್ಲಿ ಸಣ್ಣಗೆ ನೊರೆ ಎದ್ದಿತು. ಗುಳ್ಳೆಗಳು ಸಾಸಿವೆಗಿಂತ ಚಿಕ್ಕವು, ಎದ್ದು ಒಡೆದುಹೋದವು. ಹುಟ್ಟಿದಾರಭ್ಯ ನೋಡಿರಬಹುದಾದ ಸಂಗತಿ, ಎಂದೂ ನೋಡಿರಲಿಲ್ಲ. ಮಿನಾಜ ಇನ್ನೊಂದು ಹನಿ ಬಿಟ್ಟಳು, ಪರಾತದ ಕೆತ್ತನೆಯ ಗೆರೆಗಳಲ್ಲಿ. ಮತ್ತೆ ಗುಳ್ಳೆ. ಬೆರಳಾಡಿಸಿದಳು. ಕೈಗೆ ಏನೂ ಹತ್ತಲಿಲ್ಲ, ಕಣ್ಣಿಗೆ ಏನೂ ಕಾಣಲಿಲ್ಲ. ಮುಖ ಮಾತ್ರ ಕಾಣುತ್ತಿತ್ತು, ಕಣ್ಣಿನ ರೆಪ್ಪೆ ಸಮೇತ.

ಸುಣ್ಣದಕಲ್ಲಿನ ಹಿಟ್ಟಿಗೆ ಹುಳಿ ಬಿದ್ದರೆ ಗುಳ್ಳೆ ಏಳುತ್ತದೆ. ಇದನ್ನು ಆಕೆ ಹೈಸ್ಕೂಲಿನಲ್ಲಿ ಓದಿದ್ದಳು. ಸುಣ್ಣದಕಲ್ಲೆಂದರೆ ಕ್ಯಾಲ್ಸಿಯಂ ಎಂಬುದನ್ನೂ ಅದೇ ಪುಟದಲ್ಲಿ ಓದಿದ್ದಳು. ತತ್ತಿಯ ಬಟ್ಟಲುಗಳನ್ನು ತಿಕ್ಕಿದ್ದೂ ಇದೇ ಹಿಟ್ಟಿನಿಂದ. ಒಂದೇ ಒಂದು ಸಲ ಕ್ರೋಮೋಸೋಮು ನಿಂತದ್ದು ಯಾವಾಗ? ಪೆಟ್ಟಿಗೆಯಿಂದ ಬಿಚ್ಚಿದ ಹೊಸ ಗಾಜಿನಲ್ಲಿ, ತನ್ನ ಕೈ ಇನ್ನೂ ಅವನ್ನು ತಿಕ್ಕುವ ಮುನ್ನ.

ತುತ್ತು ಕೈಯಲ್ಲೇ ಉಳಿದದ್ದನ್ನು ಕಂಡು ತಾಯಿ ಏನಾಯಿತೆಂದು ಕೇಳಿದಳು. ಮಿನಾಜಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದರಲ್ಲೂ ಆ ಹೆಂಗಸಿನ ಮುಂದೆ. ಎಲ್ಲವನ್ನೂ ಹೇಳಿದಳು. ಅಮೀರುನ್ನಿಸಾ ಪರಾತವನ್ನೇ ನೋಡುತ್ತಾ ಕೂತಳು. ಜೀವಮಾನವೆಲ್ಲ ತಿಕ್ಕಿದ ಪಾತ್ರೆಗಳಲ್ಲಿ ಏನೋ ಉಳಿಯುತ್ತಿತ್ತು ಎಂಬುದು ಆಕೆಗೆ ಕೇಳಿಸಿತೇ ಹೊರತು ಬೇರೆ ಮಾತು ಕೇಳಿಸಲಿಲ್ಲ. ಅದು ತಿಂದರೆ ಏನೂ ಆಗದ ವಸ್ತು, ಎಲೆಗೆ ಹಚ್ಚುವ ಸುಣ್ಣದ ಜಾತಿಯದೇ ಎಂದು ಮಿನಾಜ ಬಗೆಬಗೆಯಾಗಿ ತಿಳಿಸಿದಳು. ಜೇವರ್ಗಿಯವರ ಎಲುಬು ಗಟ್ಟಿಯಾದದ್ದೇ ನಿನ್ನಿಂದ ಎಂದು ಮೆಹಬೂಬ ತಮಾಷೆಗೆ ಎಳೆಯಲು ನೋಡಿದ. ಆಕೆ ನಗಲಿಲ್ಲ.

“ಇಷ್ಟು ದಿನ ನಿನ್ನ ಕೆಲಸ ಕೆಡಿಸಿದಾಕಿ ನಾನೇ ಏನ್ಬೇ?” ಎಂದಳು.

“ನೀ ದೇಗು ತಿಕ್ಕೋದು ಕಲಿಸಿದಿ ಅಮ್ಮಿ. ಕಪ್ಪಿ ತತ್ತಿ ಬಟ್ಟಲ ತಿಕ್ಕು ಅಂತ ನೀ ಹೇಳಿಲ್ಲ.”

ಅಮೀರುನ್ನಿಸಾ ಎದ್ದುಹೋಗಿ ಹಿಟ್ಟಿನ ಬುಟ್ಟಿಯನ್ನು ಒಳಕೋಣೆಗೆ ಎತ್ತಿಟ್ಟು ಬಂದಳು. “ನಿನ್ನ ಕೆಲಸ ಸುದ್ದಾಗೋ ತನಕ ನೀ ಇದನ್ನ ಮುಟ್ಟಬ್ಯಾಡ,” ಎಂದಳು. ಸಂಜೆ ಮಗಳು ಉಳಿದ ಭಾಂಡೆಗೆ ಕೈಹಾಕಲು ಹೋದರೂ ಬಿಡಲಿಲ್ಲ. ಮಿನಾಜಳಿಗೆ ಅದೊಂದು ಹೊಡೆತವೇ ಆಯಿತು. ಆ ಅಂಗಳದಲ್ಲಿ ಆಕೆ ಸುಮ್ಮನೆ ಕೂತದ್ದು ಮದುವೆಯ ಅರಿಸಿಣದ ದಿನ ಬಿಟ್ಟರೆ ಅಂದೇ.

ಮಾರನೆಯ ದಿನ ಕೇಂದ್ರಕ್ಕೆ ಹೋದವಳೇ ಹೊಳೆಯುವ ಬಟ್ಟಲೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಗಾಜಿನ ತುಂಬ ಉಗುರಿನಿಂದ ಗೀರಿದಂತೆ ಗೆರೆಗಳು. ತಿಕ್ಕಿ ತಿಕ್ಕಿ ಬಿದ್ದ ಗೆರೆಗಳು. ಗೆರೆಯೊಳಗೆಲ್ಲ ಹಿಟ್ಟು. ಹುಳಿ ಹನಿಸಿದರೆ ಸಾಲುಸಾಲಾಗಿ ಗುಳ್ಳೆ. ತತ್ತಿಗಳು ಆ ಬಟ್ಟಲಲ್ಲಿ ಉರುಳಿ ತೊಳೆಸಿಕೊಳ್ಳುವಾಗ ಹಿಟ್ಟನ್ನೂ ಮೈಗಂಟಿಸಿಕೊಂಡು ನಳಿಗೆಗೆ ಇಳಿಯುತ್ತಿರಬೇಕು. ಕ್ಯಾಲ್ಸಿಯಂ ಹಿಡಿಯುವ ಔಷಧ ಎಷ್ಟೆಂದು ಹಿಡಿದೀತು? ಅದು ತೀರಿದ ಮೇಲೆ ರಸಕ್ಕೆ ಎಚ್ಚರ.

ನಾಗರತ್ನಾ ಮೇಡಂ ಬಂದು ನೋಡಿದರು. ಡಬ್ಬಿಯ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು. ಬರೀ ನೀರು ಸಾಕು ಎಂದು ಹೇಳಿರಲಿಲ್ಲವೇ ಎಂದು ಕೇಳಿದಾಗ ಅವರ ದನಿ ಕೇಳಿಸದಷ್ಟು ಮೆತ್ತಗಿತ್ತು. ಮಿನಾಜ ತಲೆ ತಗ್ಗಿಸಿದಳು, ಆದರೆ ಬಹಳ ಹೊತ್ತು ತಗ್ಗಿಸಿಕೊಂಡು ನಿಲ್ಲುವಷ್ಟು ಪುರುಸೊತ್ತು ಇರಲಿಲ್ಲ. ಈಗ ಬೇಕಾದದ್ದು ಎಂದೂ ತಿಕ್ಕದ ಗಾಜು. ತರಿಸಿಕೊಂಡರೆ ಬರುವುದು ಸಮಿತಿ ಬಂದುಹೋದ ಮೇಲೆ.

ಬಾಗಿಲ ಬಳಿ ನಿಂತಿದ್ದ ಗುರುಲಿಂಗ ಕೆಮ್ಮಿದ. ಕಪ್ಪೆಗಳ ಕೋಣೆಯ ಅಟ್ಟದಿಂದ, ಮೇವಿನ ಚೀಲದ ಹಿಂದಿನಿಂದ ಒಂದು ಪೆಟ್ಟಿಗೆ ಇಳಿಸಿದ. ಒಳಗೆ ಕಾಗದ ಸುತ್ತಿದ ಹೊಸ ಬಟ್ಟಲುಗಳು. ಬೇಡ ಎಂದರೂ ಮಾರಾಯ್ತಿ ಕೇಳುವುದಿಲ್ಲ, ಹೀಗೇ ತಿಕ್ಕಿದರೆ ಗಾಜು ತೆಳ್ಳಗಾಗಿ ಒಡೆದು ಲೆಕ್ಕ ತನ್ನ ತಲೆಗೆ ಬರುತ್ತದೆಂದು ಒಂದು ಪೆಟ್ಟಿಗೆಯನ್ನು ಅವನು ಮೊದಲೇ ಮರೆಮಾಡಿಟ್ಟಿದ್ದ. ಕ್ರೋಮೋಸೋಮಿನ ಮೇಲಿನ ಪ್ರೀತಿಯಿಂದಲ್ಲ, ಮಿನಾಜಳ ಕೈಯ ಭಯದಿಂದ.

“ತಪ್ಪು ತಿಳೀಬ್ಯಾಡ್ರಿ ಅಕ್ಕೋರ,” ಎಂದ. ಆಕೆ ತಪ್ಪು ತಿಳಿಯುವುದಿರಲಿ, ಅವನ ಕಾಲಿಗೆ ಬೀಳಲಿಲ್ಲ ಅಷ್ಟೆ.

ಇನ್ನೇನು, ಕಪ್ಪೆಗೆ ಚುಚ್ಚುಮದ್ದು ಕೊಟ್ಟು, ಹೊಸ ಗಾಜಿನಲ್ಲಿ ತತ್ತಿ ತೊಳೆದರೆ ಮುಗಿಯಿತು ಎಂದು ಮೇಡಂ ಲೆಕ್ಕ ಹಾಕಿದರು. ಮಿನಾಜ ಒಪ್ಪಲಿಲ್ಲ. ತತ್ತಿಗಳಲ್ಲಿ ಅರ್ಧವನ್ನು ಹೊಸ ಗಾಜಿನಲ್ಲೂ ಇನ್ನರ್ಧವನ್ನು ತಾನು ತಿಕ್ಕಿದ ಹಳೆಯ ಗಾಜಿನಲ್ಲೂ ತೊಳೆಯಬೇಕು ಎಂದಳು. ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ಇರುವುದು ಒಂದು ಕಪ್ಪೆ. ಅದು ತತ್ತಿ ಕಡಿಮೆ ಇಟ್ಟರೆ ನಳಿಗೆಯೇ ತುಂಬುವುದಿಲ್ಲ, ಕಾಂಡೆನ್ಸಿನ್ ತೆಗೆದ ರಸಕ್ಕೂ ಪಾಲು ಬೇಕು. ಕೆಡುತ್ತದೆಂದು ಗೊತ್ತಿದ್ದೂ ಅರ್ಧ ಕೆಡಿಸುವುದು ಯಾವ ಜಾಣತನ? ಕೇಳಿದವರಿಗೆ ನೀರು ಸರಿಯಿರಲಿಲ್ಲ ಎಂದರೆ ಆಯಿತು, ಎಲ್ಲರೂ ನಂಬಿಯೇ ಇದ್ದಾರೆ.

“ಕೆಡ್ತದ ಅಂತ ನಮಗ ಅನಸ್ತದ್ರಿ ಮೇಡಂ, ಗೊತ್ತಿಲ್ಲ,” ಎಂದಳು ಮಿನಾಜ. “ಒಂದೇ ಕಪ್ಪಿ ತತ್ತಿ, ಒಂದೇ ನೀರು, ಒಂದೇ ದಿನ. ಗಾಜು ಒಂದೇ ಬ್ಯಾರೆ. ಹಂಗ ಮಾಡಿ ತೋರಸಲಿಲ್ಲ ಅಂದ್ರ ನಾಳೆ ಇನ್ನೊಬ್ಬರು ಬಂದು ಮತ್ತ ಆಳಂದದ ನೀರಿಗೇ ಬೈತಾರ್ರಿ.”

ಮೇಡಂ ಮತ್ತೆ ಕುರ್ಚಿಯಲ್ಲಿ ಕೂತರು. ಅವರೂ ಅದೇ ನೀರು ಕುಡಿದವರು. ಕೆಟ್ಟರೆ ಸಮಿತಿಯ ಮುಂದೆ ನೀನೇ ನಿಲ್ಲಬೇಕು ಎಂದರು. ನಿಲ್ಲುತ್ತೇನೆ ಎಂದಳು.

ಕಪ್ಪೆ ಮರುದಿನ ಬೆಳಗಿನ ಹೊತ್ತಿಗೆ ತತ್ತಿ ಇಟ್ಟಿತ್ತು. ಧಾರಾಳಿಯೂ ಅಲ್ಲ, ಜಿಪುಣಿಯೂ ಅಲ್ಲ. ಅರ್ಧ ಕಪ್ಪು ಅರ್ಧ ಬಿಳಿ ಬಣ್ಣದ ತತ್ತಿಗಳನ್ನು ಮಿನಾಜ ಎರಡು ಪಾಲು ಮಾಡಿದಳು. ಕೈಗವಸು ಹೊಸದು. ಹೊಸ ಬಟ್ಟಲುಗಳನ್ನು ಬರೀ ನೀರಿನಲ್ಲಿ ಜಾಲಾಡಿಸಿ ಕೆಳಗಿಟ್ಟಾಗ ಆಕೆಯ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಅಷ್ಟು ಕಷ್ಟದ ಕೆಲಸ ಆಕೆ ಆ ಕೇಂದ್ರದಲ್ಲಿ ಇನ್ನೊಂದು ಮಾಡಿರಲಿಲ್ಲ. ತತ್ತಿಯ ಲೋಳೆ ಕಳೆದು, ಉಪ್ಪುನೀರಿನಲ್ಲಿ ತೊಳೆದು, ಸೆಂಟ್ರಿಫ್ಯೂಜಿಗೆ ಇಳಿಸಿದಳು. ಜೇನುಬಣ್ಣದ ರಸ ಎರಡೂ ನಳಿಗೆಗಳಲ್ಲಿ ಒಂದೇ ರೀತಿ ಕಂಡಿತು. ಕಣ್ಣಿನಿಂದ ಹೇಳುವುದಾದರೆ ವ್ಯತ್ಯಾಸವೇ ಇಲ್ಲ. ಹೊಸ ಗಾಜಿನ ರಸದಲ್ಲಿ ಒಂದು ಪಾಲಿನಿಂದ ಕಾಂಡೆನ್ಸಿನ್ ಹೆಕ್ಕಿ ತೆಗೆದಳು. ಮೂರಕ್ಕೂ ವೀರ್ಯದ ಕಣ ಬಿಟ್ಟು ಕಾದಳು. ಕಾಯುವಾಗ ಕೈ ಸುಮ್ಮನಿರಲೊಲ್ಲದೆ ಮೇಜು ಒರೆಸಲು ಹೋದವಳನ್ನು ಗುರುಲಿಂಗ ಬಟ್ಟೆ ಕಸಿದುಕೊಂಡು ಕೂರಿಸಿದ.

ಮೊದಲು ಹಳೆಯ ಗಾಜಿನದನ್ನು ನೋಡಿದಳು. ಉಬ್ಬಿದ ನೀಲಿ ಗುಂಡುಗಳು, ಹಳೆಯ ಪರಿಚಯದವು.

ಆಮೇಲೆ ಹೊಸ ಗಾಜಿನದು. ಕಣ್ಣು ಹೊಂದಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು, ಏಕೆಂದರೆ ಕಣ್ಣಲ್ಲಿ ನೀರಿತ್ತು. ಕಡ್ಡಿಗಳು. ತೆಳ್ಳಗೆ, ಗಟ್ಟಿಯಾಗಿ, ಒಂದರ ಪಕ್ಕ ಒಂದು, ಬಿಡಿಸಿ ಹೇಳಬಹುದಾದಷ್ಟು ಸ್ಪಷ್ಟವಾಗಿ ಕಟ್ಟಿಕೊಂಡು ನಿಂತಿದ್ದವು. ಮಿನಾಜ ಬಹಳ ಸಂತೋಷಪಟ್ಟಳು. ಅದನ್ನು ಬೇರೆ ರೀತಿ ಹೇಳಬೇಕಾಗಿಲ್ಲ.

ಮೂರನೆಯದು ಕಾಂಡೆನ್ಸಿನ್ ಇಲ್ಲದ ರಸ. ಇಲ್ಲಿ ಗುಂಡೂ ಇಲ್ಲ, ಕಡ್ಡಿಯೂ ಇಲ್ಲ. ಕೈಬಿಟ್ಟ ನಿರಿಗೆಯ ಹಾಗೆ ಎಳೆಗಳು ಕುಸಿದು, ಒಂದರೊಳಗೊಂದು ಸೇರಿ ಮುದ್ದೆಯಾಗಿದ್ದವು. ರಸಕ್ಕೆ ಎಚ್ಚರವಾಗಿ ಬಿಚ್ಚಿಕೊಂಡದ್ದೇ ಬೇರೆ, ಕಟ್ಟುವವರಿಲ್ಲದೆ ಕುಸಿದದ್ದೇ ಬೇರೆ. ಹಳೆಯ ಗಾಜಿನ ಗುಂಡುಗಳನ್ನು ಪಕ್ಕದಲ್ಲಿಟ್ಟದ್ದಕ್ಕೇ ಆ ಬೇರೆತನ ಎದ್ದು ಕಂಡಿತು. ಮೇಡಂ ಮೂರನ್ನೂ ನೋಡಿ, ಮತ್ತೆ ಮೊದಲಿನಿಂದ ನೋಡಿ, ಅರ್ಧ ತತ್ತಿ ಕೆಡಿಸಿದ್ದು ಒಳ್ಳೆಯದಾಯಿತು ಎಂದರು.

ಸಮಿತಿಯವರು ಬಂದ ದಿನ ಮಿನಾಜ ಮೂರು ಚಿತ್ರಗಳನ್ನು ಗೋಡೆಯ ಮೇಲೆ ತೋರಿಸಿದಳು. ಚಿತ್ರಗಳ ಬಗ್ಗೆ ಯಾರದೂ ತಕರಾರಿರಲಿಲ್ಲ. ಇಷ್ಟು ಕಾಲ ಏಕೆ ಆಗಲಿಲ್ಲ, ನೀರಿನ ತೊಂದರೆಯೇ ಎಂದು ಹೈದರಾಬಾದಿನಿಂದ ಬಂದ ಹಿರಿಯರೊಬ್ಬರು ಕೇಳಿದರು. ಪ್ರಶ್ನೆಯೊಳಗೇ ಉತ್ತರ ಇಟ್ಟುಕೊಟ್ಟಿದ್ದರು, ಎತ್ತಿಕೊಂಡರೆ ಸಾಕಿತ್ತು. ಮೇಡಂ ತಮ್ಮ ಕಾಗದಗಳನ್ನು ಜೋಡಿಸತೊಡಗಿದರು. ಮಿನಾಜ ಹಿಟ್ಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ನೀರು ಸರಿಯಾಗಿಯೇ ಇತ್ತು, ಗಾಜನ್ನು ಸುಣ್ಣದಕಲ್ಲಿನ ಹಿಟ್ಟಿನಿಂದ ತಿಕ್ಕಿದವಳು ತಾನು ಎಂದಳು. ಒಬ್ಬರು ಫಕ್ಕನೆ ನಕ್ಕರು. ಹೀಗೆ ತೊಳೆಯಲು ಕಲಿಸಿದವರು ಯಾರಮ್ಮ ಎಂದು ಕೇಳಿದರು.

“ನಮ್ಮ ತಾಯಿಯವರ್ರಿ. ಜೇವರ್ಗಿಯೊಳಗ ಮದುವಿ ಭಾಂಡೆ ಕೊಡ್ತಾರ. ಅವರು ತಿಕ್ಕಿದ ದೇಗಿನ್ಯಾಗ ಉಂಡವರು ಯಾರೂ ಹೊಟ್ಟಿ ನೋವು ಅಂದಿಲ್ಲರಿ. ಕಪ್ಪಿ ತತ್ತಿ ಮನಷ್ಯಾರಗಿಂತ ನಾಜೂಕು ಅನ್ನೋದು ತಿಳೀದಾಕಿ ನಾನು.”

ನಕ್ಕವರು ನಗು ನಿಲ್ಲಿಸಿದರು. ಆಮೇಲೆ ಸಮಿತಿಯವರು ಕಪ್ಪೆಗಳ ಕೋಣೆಗೆ ಹೋಗಿ ತೊಟ್ಟಿಗಳನ್ನು ನೋಡಿದರು, ಗುರುಲಿಂಗನನ್ನು ಮೇವಿನ ವಿಷಯ ಕೇಳಿದರು. ಸಂಜೆ ಹೊರಡುವ ಮುನ್ನ ಕಪ್ಪೆಗಳು ಇಲ್ಲೇ ಇರಲಿ ಎಂದು ಹೇಳಿ ಹೋದರು.

ಮಿನಾಜ ಕರಜಗಿಗೆ ಫೋನು ಮಾಡಿ ಗಂಡನಿಗೆ ತಿಳಿಸಿದಳು, ಮನೆಗೆ ಹೋಗಲಿಲ್ಲ. ನೇರ ಜೇವರ್ಗಿಯ ಬಸ್ಸು ಹತ್ತಿದಳು.

ಅಮೀರುನ್ನಿಸಾ ಅಂಗಳದಲ್ಲಿ ದೊಡ್ಡ ದೇಗಿನ ಮುಂದೆ ಕೂತಿದ್ದಳು. ಮಗಳನ್ನು ಕಂಡ ಕೂಡಲೇ ಹಿಟ್ಟಿನ ಬುಟ್ಟಿಯನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿಕೊಂಡಳು. ಮಿನಾಜ ಫೋನಿನಲ್ಲಿದ್ದ ಚಿತ್ರ ತೋರಿಸಿದಳು. ತಾಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಆದರೂ ಫೋನು ಮುಟ್ಟಲಿಲ್ಲ. ಕತ್ತು ಮುಂದೆ ಮಾಡಿ, ನೀಲಿ ಕಡ್ಡಿಗಳನ್ನು ಒಂದೊಂದಾಗಿ ಗುರುತು ಹಿಡಿಯುವವಳಂತೆ ನೋಡಿದಳು.

“ನನ್ನ ಕೈ ಹತ್ತದ ಜಾಗಾದಾಗ ಚಲೋ ಕಟ್ಯಾವಲ್ಲ,” ಎಂದಳು.

ಮಿನಾಜ ಬುರ್ಖಾ ತೆಗೆದು ಗೂಟಕ್ಕೆ ಹಾಕಿದಳು. ತೋಳು ಮೇಲೇರಿಸಿ, ದೇಗಿನ ಆಚೆ ಬದಿಗೆ, ಚಿಕ್ಕಂದಿನಿಂದ ಕೂರುತ್ತಿದ್ದ ಜಾಗದಲ್ಲಿ ಕೂತು, ಕೈ ಚಾಚಿದಳು.

“ಕೆಲಸ ಸುದ್ದಾಯ್ತು ಅಮ್ಮಿ. ಹಿಟ್ಟು ಕೊಡು.”

ಅಮೀರುನ್ನಿಸಾ ಮಗಳ ಚಾಚಿದ ಕೈಯನ್ನು ನೋಡಿದಳು. ಬೆನ್ನ ಹಿಂದಿನಿಂದ ಬುಟ್ಟಿಯನ್ನು ಎಳೆದು, ಇಬ್ಬರಿಗೂ ಸಿಗುವಂತೆ ನಡುವೆ ಇಟ್ಟಳು. ಆಮೇಲೆ, ತಳ ಸರಿಯಾಗಿ ತಿಕ್ಕು, ನಾಳೆ ಇದು ಮದುವೆಗೆ ಹೋಗಬೇಕು ಎಂದಳು.